ಗಜನಿ ಕಟ್ಟೆಯ ಹೊರಬದಿಗೆ ಬೆಳೆದ ಮೂರು ಮೂಲೆಯ ಜೇಕು: ಕೀಳಬೇಕೋ, ಬೆಳೆಸಬೇಕೋ?

ಕಟ್ಟೆಬುಡ, ಕುಮಟಾ

ಎಲ್ಲರಿಗೂ ನಮಸ್ಕಾರ. ಜಾಗ ಅಘನಾಶಿನಿ ಅಳಿವೆ, ಮಾಣಿಕಟ್ಟಾ ಕಡೆಯ ಗಜನಿ, ಅಂದರೆ ಹೊಳೆಯ ಉಪ್ಪು ನೀರು ತಾಗುವ ತಗ್ಗು ಗದ್ದೆಬಯಲು. ಮಣ್ಣಿನ ಕಟ್ಟೆಯ ಹೊಳೆಬದಿ ಸುಮಾರು 20 ಮೀಟರ್ ಉದ್ದಕ್ಕೆ ಕುಸಿಯುತ್ತಾ ಇದೆ. ಅದರ ಪಕ್ಕದಲ್ಲೇ ಒಂದು ಹುಲ್ಲು ದಟ್ಟವಾಗಿ ನಿಂತ ಕಡೆ ಮಣ್ಣು ಒಂಚೂರೂ ಹೋಗಿಲ್ಲ. ಎದೆ ಎತ್ತರ ಬರುತ್ತದೆ. ಕಡ್ಡಿ ಮೂರು ಮೂಲೆ, ಒಳಗೆ ಪೊಳ್ಳಿಲ್ಲ, ಬೆಂಡಿನ ಹಾಗಿದೆ. ಎಲೆ ಇಲ್ಲವೆಂದೇ ಹೇಳಬೇಕು. ತುದಿಯಲ್ಲಿ ಮಾತ್ರ ಮೂರ್ನಾಲ್ಕು ಎಲೆ ಹರಡಿ, ನಡುವೆ ಕಂದು ಬಣ್ಣದ ಹೂ ಕಡ್ಡಿಗಳು.

ನಮ್ಮಲ್ಲಿ ಇಂಥದ್ದಕ್ಕೆಲ್ಲ ಜೇಕು ಅಂತ ಒಂದೇ ಹೆಸರು. ಅಕ್ಕಪಕ್ಕದವರು ಇದು ಕಗ್ಗದ (ಉಪ್ಪು ತಾಳುವ ಭತ್ತದ) ಗದ್ದೆಗೆ ನುಗ್ಗುತ್ತದೆ, ಈಗಲೇ ಕಿತ್ತುಬಿಡಿ ಅನ್ನುತ್ತಾರೆ. ಕೇಳಬೇಕಾದದ್ದು ಇಷ್ಟು. ಇದು ತೋಟದಲ್ಲಿ ಬರುವ ಗಡ್ಡೆ ಜೇಕೇ ಹೌದಾ? ಕುಸಿಯುವ ಕಡೆಗೆ ಇದನ್ನೇ ನೆಡಬಹುದಾ? ಮಳೆಗಾಲದ ಮೊದಲಿಗೆ ಬುಡ ಕಿತ್ತು, ಗೇಣುದ್ದಕ್ಕೆ ಕಡ್ಡಿ ಕತ್ತರಿಸಿ ಊರಿದರೆ ಹದಿನೈದೇ ದಿನದಲ್ಲಿ ಕೊಳೆತುಹೋಗುತ್ತದೆ, ಅದು ಯಾಕೆ? ಮತ್ತೆ ಗದ್ದೆಗೆ ನಿಜವಾಗಿ ತೊಂದರೆ ಇದೆಯಾ?

ನೀರು ಮಳೆಗಾಲದಲ್ಲಿ ಬಹುತೇಕ ಸಿಹಿ, ಏಪ್ರಿಲ್-ಮೇ ಹೊತ್ತಿಗೆ ಗಟ್ಟಿ ಉಪ್ಪು. ಕೆಸರು ಕಪ್ಪು, ಮೊಣಕಾಲವರೆಗೆ ಹುಗಿಯುತ್ತದೆ.

ಹುಲ್ಲುಮೂಲ, ಶಿರಸಿ

ಕೀಳಬೇಡಿ. ನಿಮ್ಮ ವಿವರಣೆಗೆ ಹೊಂದುವುದು ಸೈಪರಸ್ ಮಲಕ್ಕೆನ್ಸಿಸ್. ಮಲಕ್ಕಾ ಊರಿನ ಹೆಸರು ಸೇರಿಸಿ ಇದಕ್ಕೆ ಹೆಸರಿಟ್ಟವನು ಫ್ರೆಂಚ್ ಸಸ್ಯಶಾಸ್ತ್ರಜ್ಞ ಲಾಮಾರ್ಕ್. ಇರಾಕಿನಿಂದ ಹಿಡಿದು ಭಾರತ, ಚೀನಾ, ವಿಯೆಟ್ನಾಂ, ಜಪಾನ್, ಉತ್ತರ ಆಸ್ಟ್ರೇಲಿಯಾವರೆಗೆ ನದಿಗಳು ಸಮುದ್ರ ಸೇರುವ ಕಡೆ ಕೆಸರಿನಲ್ಲಿ ಬೆಳೆಯುತ್ತದೆ. ಸಮುದ್ರದ ಗಿಡವೂ ಅಲ್ಲ, ಕೆರೆಯ ಗಿಡವೂ ಅಲ್ಲ. ಉಪ್ಪು ಸಿಹಿ ಎರಡೂ ಬಂದು ಹೋಗುವ ಅಳಿವೆಯ ನಡುಪಟ್ಟಿಯೇ ಇದರ ಮನೆ.

ಫೋಟೋ ಇಲ್ಲದ್ದರಿಂದ ಕೆಲವನ್ನು ನೀವೇ ನೋಡಿ ಖಚಿತ ಮಾಡಿಕೊಳ್ಳಿ.

ಮೊದಲು ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ. ಮೂರು ಅಂಚು ಕೈಗೆ ಸ್ಪಷ್ಟವಾಗಿ ಸಿಗಬೇಕು. ಬುಡದಿಂದ ಹೂವಿನವರೆಗೆ ಎಲ್ಲಿಯೂ ಗಂಟು ಇರಬಾರದು. ಭತ್ತವಾಗಲಿ ಬೇರೆ ಹುಲ್ಲಾಗಲಿ ಆಗಿದ್ದರೆ ಕಡ್ಡಿ ದುಂಡಗೆ, ನಡುನಡುವೆ ಗಂಟು, ಗಂಟುಗಳ ನಡುವೆ ಸಾಮಾನ್ಯವಾಗಿ ಪೊಳ್ಳು. ಹುಲ್ಲಿನ ಎಲೆ ಎರಡು ಸಾಲಿನಲ್ಲಿ ಹೊರಡುತ್ತದೆ, ಜೇಕಿನ ಜಾತಿಯಲ್ಲಿ ಮೂರು ಸಾಲಿನಲ್ಲಿ. ಎಲೆಯ ಬುಡದ ಕವಚವೂ ಬೇರೆ ಥರ. ಹುಲ್ಲಿನಲ್ಲಿ ಒಂದು ಬದಿ ಸೀಳಿರುತ್ತದೆ, ಜೇಕಿನಲ್ಲಿ ಕೊಳವೆಯ ಹಾಗೆ ಮುಚ್ಚಿರುತ್ತದೆ. ನಿಮ್ಮ ಗಿಡದಲ್ಲಿ ಎಲೆ ಇಲ್ಲ ಅನ್ನಿಸುವುದು ಯಾಕೆಂದರೆ ಬುಡದಲ್ಲಿ ಕವಚ ಮಾತ್ರ ಉಳಿದು ಎಲೆಯ ಹಾಳೆ ತೀರಾ ಗಿಡ್ಡವಾಗಿರುತ್ತದೆ. ಅನ್ನ ತಯಾರಿಸುವ ಕೆಲಸ ಹಸಿರು ಕಡ್ಡಿಯದ್ದೇ.

ಆಮೇಲೆ ಬುಡ ಅಗೆದು ನೋಡಿ. ಕೆಸರಿನೊಳಗೆ ಅಡ್ಡಡ್ಡ ಹರಿದ ಗಟ್ಟಿ ಬೇರುಕಾಂಡ, ಅದರಿಂದ ಸಾಲಾಗಿ ಎದ್ದ ಕಡ್ಡಿಗಳು ಕಂಡರೆ ಇದೇ. ತೋಟದ ಗಡ್ಡೆ ಜೇಕು, ಅಂದರೆ ಔಷಧಿಗೆ ಬಳಸುವ ಭದ್ರಮುಷ್ಟಿ, ಸೈಪರಸ್ ರೋಟಂಡಸ್. ಅದು ಗಿಡ್ಡ, ಸಾಧಾರಣವಾಗಿ ಮೊಣಕಾಲು ದಾಟುವುದಿಲ್ಲ, ಬುಡದಲ್ಲಿ ಎಲೆ ತುಂಬಾ. ದಾರದಂಥ ಬೇರಿಗೆ ಮಣಿ ಪೋಣಿಸಿದ ಹಾಗೆ ಕಪ್ಪು ಗಡ್ಡೆಗಳು, ಮುರಿದರೆ ಘಮ. ಭರತದ (ಸಮುದ್ರದ ಉಬ್ಬರದ) ಉಪ್ಪು ನೀರು ದಿನಾ ಎರಡು ಸಲ ಹತ್ತುವ ಕೆಸರು ಅದರ ಜಾಗವಲ್ಲ. ಎರಡೂ ಒಂದೇ ಕುಲ, ಒಂದೇ ಗಿಡವಲ್ಲ.

ಅಳಿವೆ ಬದಿಯಲ್ಲಿ ಮೋಸ ಮಾಡುವ ಬೇರೆ ಕೆಲವು ಇವೆ. ಸೈಪರಸ್ ಜವಾನಿಕಸ್ ಕೂಡ ಸವುಳು ನೀರಿನ ಅಂಚಿನಲ್ಲಿ ಬರುತ್ತದೆ, ಆದರೆ ಅದಕ್ಕೆ ಬೂದು ಮಿಶ್ರಿತ ಹಸಿರಿನ ಉದ್ದ ಎಲೆ, ಅಂಚು ಗರಗಸದಂತೆ ಕೈ ಕೊಯ್ಯುತ್ತದೆ. ದುಂಡು ಕಡ್ಡಿ, ಒತ್ತಿದರೆ ಪಟಪಟ ಒಡೆಯುವ ಅಡ್ಡಗೋಡೆಗಳು, ತುದಿಯಲ್ಲಿ ಒಂದೇ ಒಂದು ಪೆನ್ಸಿಲ್ಲಿನಂಥ ತೆನೆ ಕಂಡರೆ ಅದು ಎಲಿಯೋಕ್ಯಾರಿಸ್ ಡಲ್ಸಿಸ್. ಅಗಲ ಪಟ್ಟಿಯಂಥ ಎಲೆ, ಮೇಲೆ ಕಂದು ಸೌತೆಕಾಯಿಯಂಥ ತೆನೆ ಇದ್ದರೆ ಜೊಂಡು. ಅದು ಜೇಕಿನ ಕುಟುಂಬವೇ ಅಲ್ಲ. ಜೊಂಡು ಹೆಚ್ಚಾಗಿ ಕಂಡರೆ ಅಲ್ಲಿ ಸಿಹಿನೀರು ನಿಂತಿದೆ ಅಂತ ತಿಳಿಯಿರಿ. ಅಲ್ಲಿ ಇದನ್ನು ನೆಟ್ಟು ಪ್ರಯೋಜನ ಕಡಿಮೆ.

ಭರತ-ಇಳಿತ, ಅಂಕೋಲಾ

ಹುಲ್ಲುಮೂಲ ಅವರು ಗುರುತು ಸರಿಯಾಗಿ ಹೇಳಿದ್ದಾರೆ. ನೆಡುವ ವಿಷಯಕ್ಕೆ ಬರುತ್ತೇನೆ.

ಕೊಳೆತದ್ದು ಯಾಕೆ ಅನ್ನುವುದಕ್ಕೆ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ: ಗೇಣುದ್ದಕ್ಕೆ ಕತ್ತರಿಸಿದ್ದು. ಆ ಕಪ್ಪು ಕೆಸರಿನಲ್ಲಿ ಗಾಳಿ ಇಲ್ಲ. ಮೇಲಿನ ಒಂದೆರಡು ಮಿಲಿಮೀಟರ್ ಬಿಟ್ಟರೆ ಆಮ್ಲಜನಕ ಸೊನ್ನೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಅದಕ್ಕೇ. ಬೇರಿಗೆ ಬೇಕಾದ ಗಾಳಿ ಕಡ್ಡಿಯೊಳಗಿನ ಬೆಂಡಿನ ಸಣ್ಣ ಸಣ್ಣ ಕೋಣೆಗಳ ಮೂಲಕ ಮೇಲಿನಿಂದ ಇಳಿಯುತ್ತದೆ. ಗೇಣುದ್ದ ಉಳಿಸಿದರೆ ಭರತದಲ್ಲಿ ಕತ್ತರಿಸಿದ ಬಾಯಿ ನೀರಡಿ ಹೋಗುತ್ತದೆ, ಗಾಳಿಕೊಳವೆಗೆ ನೀರು ತುಂಬುತ್ತದೆ, ಬುಡ ಉಸಿರುಗಟ್ಟಿ ಕೊಳೆಯುತ್ತದೆ. ಉಪ್ಪಿನಿಂದ ಸತ್ತದ್ದಲ್ಲ, ಮುಳುಗಿ ಸತ್ತದ್ದು. ಮಳೆಗಾಲದ ಮೊದಲಿಗೆ ನೆಟ್ಟದ್ದು ಇನ್ನೊಂದು ತಪ್ಪು. ಜೂನ್-ಜುಲೈನಲ್ಲಿ ಘಟ್ಟದ ನೀರು ಇಳಿದು ಹೊಳೆ ಭರ್ತಿ ಇರುವಾಗ ಇಳಿತದಲ್ಲೂ ಬುಡ ಬರಿದಾಗುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಮಟ್ಟ. ಈ ಗಿಡ ಗೊಬ್ಬರ ಕೇಳುವುದಿಲ್ಲ, ಆರೈಕೆ ಕೇಳುವುದಿಲ್ಲ. ಆದರೆ ಭರತದ ಎತ್ತರಕ್ಕೆ ಹೋಲಿಸಿ ತನ್ನ ಜಾಗ ಒಂದು ಗೇಣು ಆಚೀಚೆ ಆದರೂ ನಿಲ್ಲುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ನೀರಿನಲ್ಲಿ ಭರತ-ಇಳಿತದ ಅಂತರ ಸುಮಾರು ಒಂದೂವರೆ ಮೀಟರ್, ಅಷ್ಟಮಿ ಆಸುಪಾಸಿನ ಸಣ್ಣ ನೀರಿನಲ್ಲಿ ಅದರ ಅರ್ಧದಷ್ಟು. ಇಷ್ಟು ಕಡಿಮೆ ಅಂತರದಲ್ಲಿ ಪ್ರತಿ ಗಿಡಕ್ಕೂ ಸಿಗುವ ಪಟ್ಟಿ ಕಿರಿದು. ತುಂಬಾ ಕೆಳಗೆ ಹೋದರೆ ಮುಳುಗುವ ಹೊತ್ತು ಹೆಚ್ಚು. ತುಂಬಾ ಮೇಲಾದರೆ ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಮಣ್ಣಿನಲ್ಲೇ ಕೂರುತ್ತದೆ, ಅದು ಸಮುದ್ರದ ನೀರಿಗಿಂತಲೂ ಗಟ್ಟಿ.

ಮಟ್ಟ ಅಳೆಯಲು ಯಂತ್ರ ಬೇಡ, ಹೊಳೆಯ ನೀರೇ ಸಾಕು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ, ಗಾಳಿ ಇಲ್ಲದ ಹೊತ್ತು ನೋಡಿಕೊಂಡು ಭರತ ಪೂರ್ತಿ ಏರಿ ನೀರು ನಿಂತ ಹೊತ್ತಿನಲ್ಲಿ ಇಬ್ಬರು ಹೋಗಿ. ಒಬ್ಬರು ತಾನಾಗಿ ಬೆಳೆದ ಜೇಕಿನ ಹೊಳೆಬದಿ ಅಂಚಿನಲ್ಲಿ, ಆಮೇಲೆ ಕಟ್ಟೆಬದಿ ಅಂಚಿನಲ್ಲಿ ಕೋಲು ಇಳಿಸಿ ನೀರಿನ ಆಳ ಅಳೆಯಲಿ. ಅದೇ ಹತ್ತು ನಿಮಿಷದೊಳಗೆ ಇನ್ನೊಬ್ಬರು ಕುಸಿದ ಜಾಗದಲ್ಲಿ ಕಟ್ಟೆಯ ಇಳಿಜಾರು, ಬುಡ, ಬುಡದಿಂದ ಒಂದು ಮೀಟರ್ ಹೊರಗೆ ಹೀಗೆ ಆಳ ತೆಗೆಯಲಿ. ಒಂದೇ ಹೊಳೆಯಲ್ಲಿ ಹತ್ತಿರ ಹತ್ತಿರ ಇರುವ ಜಾಗಗಳಲ್ಲಿ ಆ ಕ್ಷಣಕ್ಕೆ ನೀರಿನ ಮೈ ಒಂದೇ ಮಟ್ಟ. ಹಾಗಾಗಿ ಆಳ ಒಂದೇ ಆದರೆ ನೆಲದ ಮಟ್ಟವೂ ಒಂದೇ. ಕೋಲಿನ ಬುಡಕ್ಕೆ ಅಂಗೈ ಅಗಲದ ಹಲಗೆ ತುಂಡು ಬಡಿಯಿರಿ, ಇಲ್ಲದಿದ್ದರೆ ಕೆಸರಿನಲ್ಲಿ ಹೂತು ಲೆಕ್ಕ ತಪ್ಪುತ್ತದೆ.

ಆ ಸಂಖ್ಯೆ ಇಲ್ಲಿ ಹಾಕಿ, ಮುಂದಿನದನ್ನು ಹೇಳಬಹುದು.

ಕಗ್ಗದ ಗದ್ದೆ, ಕುಮಟಾ

ಗದ್ದೆಗೆ ತೊಂದರೆ ಇಲ್ಲ ಅಂತ ಯಾರೂ ಹೇಳಬೇಡಿ. ಇದೆ. ಉಳುಮೆ ನಡೆಯುವ ಗದ್ದೆಗೆ ಕಡಿಮೆ, ಎರಡು ಮೂರು ವರ್ಷ ಹಡಿಲು (ಪಾಳು) ಬಿದ್ದದ್ದಕ್ಕೆ ಜೋರು. ಕಟ್ಟೆ ಒಡೆದು, ಬಿತ್ತನೆ ನಿಂತು, ಉಪ್ಪು ನೀರು ಬಂದು ಹೋಗುತ್ತಾ ಇದ್ದರೆ ಆ ಗಜನಿ ಜೇಕಿನ ಪಾಲಿಗೆ ಅಳಿವೆಯ ಕೆಸರೇ ಆಗಿಬಿಡುತ್ತದೆ. ಮೊದಲು ಜೇಕು, ಹಿಂದಿನಿಂದ ಕಾಂಡ್ಲ (ಮ್ಯಾಂಗ್ರೋವ್).

ಒಳಗೆ ಬಂದಿದ್ದರೆ ಪವರ್ ಟಿಲ್ಲರ್ ಹೊಡೆದು ಸ್ವಚ್ಛ ಮಾಡುತ್ತೇವೆ ಅಂತ ಹೊರಡಬೇಡಿ. ಬೇರುಕಾಂಡದ ಪ್ರತಿ ತುಂಡಿಗೂ ಮೊಗ್ಗು ಇರುತ್ತದೆ. ಒಂದು ಬುಡವನ್ನು ಇಪ್ಪತ್ತು ತುಂಡು ಮಾಡಿ ಗದ್ದೆಗೆಲ್ಲ ಬಿತ್ತಿದ ಹಾಗಾಗುತ್ತದೆ. ಕಳೆನಾಶಕವಂತೂ ಬೇಡವೇ ಬೇಡ. ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಶೆಟ್ಲಿ (ಸಿಗಡಿ), ಮೀನು ಬೆಳೆಯಬೇಕು, ಜಂತ್ರ (ಕಟ್ಟೆಯ ನೀರುಬಾಗಿಲು) ಎತ್ತಿದರೆ ಅದು ನೇರ ಬಳಚಿನ (ತಿನ್ನುವ ಚಿಪ್ಪುಜೀವಿಯ) ಜಾಗಕ್ಕೆ ಇಳಿಯುತ್ತದೆ.

ಭರತ-ಇಳಿತದವರು ಹೇಳಿದ ಉಸಿರುಗಟ್ಟುವ ಗುಣವನ್ನೇ ಇಲ್ಲಿ ಬಳಸಬೇಕು. ಕಗ್ಗದ ಕೊಯ್ಲು ಮುಗಿದು ಉಪ್ಪು ನೀರು ಒಳಗೆ ಬಿಡುವ ಮುಂಚೆ ಜೇಕನ್ನು ಕತ್ತಿಯಲ್ಲಿ ಕೆಸರಿನ ಮಟ್ಟಕ್ಕೆ ಕೊಯ್ಯಿರಿ. ಕೊಯ್ದ ಕೂಳೆಯ ಮೇಲೆ ಕನಿಷ್ಠ ಒಂದು ಗೇಣು ನೀರು ಸತತವಾಗಿ ಮೂರು ವಾರ ನಿಲ್ಲಬೇಕು. ನಡುವೆ ಇಳಿತದಲ್ಲಿ ನೀರು ಬಿಟ್ಟರೆ ಕೂಳೆ ಉಸಿರಾಡಿ ಬದುಕಿಕೊಳ್ಳುತ್ತದೆ. ಮೇಲೆದ್ದ ಹೊಸ ಚಿಗುರನ್ನು ನೀರೊಳಗೇ ಇನ್ನೊಮ್ಮೆ ಕೊಯ್ಯಬೇಕು. ಉಳಿದ ಗುಂಪುಗಳನ್ನು ಗುದ್ದಲಿಯಲ್ಲಿ ಹೆಂಟೆ ಸಮೇತ ಎತ್ತಿ ಕಟ್ಟೆಯ ಹೊರಬದಿಗೆ ಸಾಗಿಸಿ. ನೀವು ಹೇಗೂ ನೆಡುವವರು, ಗಿಡವೂ ಸಿಕ್ಕಿತು.

ನೆಡುವಾಗ ಜಂತ್ರದ ಬಾಯಿಯಿಂದ ಎರಡೂ ಬದಿಗೆ ಎರಡು ಮೀಟರ್ ಖಾಲಿ ಬಿಡಿ. ಒಣಗಿ ಬಿದ್ದ ಕಡ್ಡಿ ಬಾಗಿಲಿನ ಸಂದಿಗೆ ಸಿಕ್ಕಿಕೊಂಡರೆ ಹಲಗೆ ಪೂರ್ತಿ ಕೂರುವುದಿಲ್ಲ. ಬೆರಳು ದಪ್ಪದ ಸಂದಿಯಲ್ಲಿ ರಾತ್ರಿ ಭರತದಲ್ಲಿ ಒಳಗೆ ಬರುವ ಉಪ್ಪು ನೀರು ಮೊಳಕೆ ಹಂತದ ಕಗ್ಗಕ್ಕೆ ಸಾಕು.

ಕಟ್ಟೆಬುಡ, ಕುಮಟಾ

ಎಲ್ಲರಿಗೂ ಧನ್ಯವಾದ. ಗುರುತು ಹೇಳಿದ ಹಾಗೇ ಇದೆ. ಗಡ್ಡೆ ಇಲ್ಲ, ಅಡ್ಡ ಹರಿದ ಬೇರುಕಾಂಡ ಇದೆ, ಕವಚ ಮುಚ್ಚಿದೆ.

ಅಮಾವಾಸ್ಯೆಯ ಮರುದಿನ ಭರತದ ಅಳತೆ ಹೀಗೆ. ತಾನಾಗಿ ಬೆಳೆದ ಜೇಕಿನ ಹೊಳೆಬದಿ ಅಂಚಿನಲ್ಲಿ 65 ಸೆಂ.ಮೀ., ಕಟ್ಟೆಬದಿ ಅಂಚಿನಲ್ಲಿ 20 ಸೆಂ.ಮೀ. ಕುಸಿದ ಜಾಗದಲ್ಲಿ ಕಟ್ಟೆಯ ಬುಡದಲ್ಲಿ 95, ಒಂದು ಮೀಟರ್ ಹೊರಗೆ 110. ಕಟ್ಟೆಯ ಇಳಿಜಾರು ಸುಮಾರು ಒಂದಕ್ಕೆ ಒಂದೂವರೆ (ಒಂದು ಪಾಲು ಏರಿಕೆಗೆ ಒಂದೂವರೆ ಪಾಲು ಅಗಲ), ಎರಡು ಕಡೆ ಮಾತ್ರ ಬುಡ ಕೊರೆದು ಗೋಡೆಯ ಹಾಗೆ ನಿಂತಿದೆ. ಜೇಕಿನ ಪಟ್ಟಿ ಒಂದೂವರೆ ಮೀಟರ್ ಅಗಲ, ನಲವತ್ತು ಮೀಟರ್ ಉದ್ದ ಇರಬಹುದು.

ಇನ್ನೊಂದು ಪ್ರಶ್ನೆ. ಜೇಕು ಬೇಡ, ಲಾವಂಚ ಹಾಕಿ ಅಂತಲೂ, ಅದೂ ಬೇಡ, ಕಾಂಡ್ಲ ಹಾಕಿ ಅಂತಲೂ ಹೇಳುತ್ತಿದ್ದಾರೆ. ಯಾವುದು ಸರಿ?

ಕಾಳಿಬದಿ, ಕಾರವಾರ

ಲಾವಂಚದ ಬೇರು ಆಳ ನಿಜ. ಆದರೆ ದಿನಾ ಎರಡು ಸಲ ಸವುಳು ನೀರಿನಲ್ಲಿ ಮುಳುಗುವ ಜಾಗಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಕಟ್ಟೆಯ ತಲೆಗೆ, ದೊಡ್ಡ ಭರತವೂ ತಾಗದ ಗೆರೆಯ ಮೇಲೆ ಹಾಕಿ. ಮಳೆನೀರು ಇಳಿಜಾರು ಕೊರೆಯುವುದನ್ನು ಅದು ತಡೆಯುತ್ತದೆ. ಜೇಕಿನ ಕೆಲಸ ಅದರ ಕೆಳಗೆ.

ಕಾಂಡ್ಲ ಮತ್ತು ಜೇಕನ್ನು ಒಂದೇ ಸಾಲಿಗೆ ಹಾಕಬೇಡಿ. ಜೇಕಿಗೆ ಪೂರ್ತಿ ಬಿಸಿಲು ಬೇಕು. ಕಾಂಡ್ಲ ತಲೆಯೆತ್ತಿ ನೆರಳು ಕೊಟ್ಟ ನಾಲ್ಕೈದು ವರ್ಷಕ್ಕೆ ಕೆಳಗಿನ ಜೇಕು ತೆಳುವಾಗಿ ಹೋಗುತ್ತದೆ. ಅಗಲ ಜಾಗ ಇದ್ದರೆ ಕಾಂಡ್ಲ ಹೊಳೆಬದಿಗೆ ದೂರ, ಜೇಕು ಕಟ್ಟೆಬದಿಗೆ. ಅದೂ ಅಲ್ಲದೆ ಮಣ್ಣಿನ ಕಟ್ಟೆಯ ಮೈಮೇಲೇ ಮರವಾಗುವ ಗಿಡ ಬೇಡ. ದೊಡ್ಡದಾಗಿ ಗಾಳಿಗೆ ಉರುಳಿದರೆ ಕಟ್ಟೆಯ ತುಂಡನ್ನೇ ಕಿತ್ತುಕೊಂಡು ಬೀಳುತ್ತದೆ.

ಈ ಗಿಡ ಯಾವ ಹೊಳೆಯಲ್ಲಿ ಎಲ್ಲಿವರೆಗೆ ಬೆಳೆಯುತ್ತದೆ ಅನ್ನುವುದನ್ನು ಉಪ್ಪಿನ ವರ್ಷಚಕ್ರ ತೀರ್ಮಾನಿಸುತ್ತದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿ ಕಡೆಯ ಮಳೆ ಬಂದಂತೆ ಹೊಳೆ ಸಿಹಿ, ಮಳೆ ನಿಂತ ಮೇಲೆ ಸಮುದ್ರ ನಿಧಾನಕ್ಕೆ ಒಳಗೆ ಬರುತ್ತದೆ. ಬೀಜ ಮೊಳೆಯಲು, ಹೊಸ ಚಿಗುರು ಹೊರಡಲು ಸಿಹಿ ಕಾಲ. ಪೈಪೋಟಿಗೆ ಬರುವ ಜೊಂಡು ಮತ್ತು ಸಿಹಿನೀರಿನ ಕಳೆಯನ್ನು ಸುಡಲು ಉಪ್ಪು ಕಾಲ. ಎರಡೂ ಬೇಕು. ನಮ್ಮ ಕಾಳಿಯಲ್ಲಿ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿವೆ, ವಿದ್ಯುತ್ತಿಗಾಗಿ ಬೇಸಿಗೆಯಲ್ಲೂ ಸಿಹಿನೀರು ಬಿಡುತ್ತಾರೆ. ಶರಾವತಿಯಲ್ಲಿ ಗೇರುಸೊಪ್ಪೆಯಿಂದ ವರ್ಷವಿಡೀ ಬರುವ ನೀರಿನಿಂದ ಅಳಿವೆಯ ಉಪ್ಪು ಇಳಿದು, ತಿನ್ನುವ ಬಳಚು ಕಡಿಮೆಯಾದದ್ದು ದಾಖಲಾದ ವಿಷಯ. ಅಂಥ ಕಡೆ ಅಘನಾಶಿನಿಯ ಲೆಕ್ಕವನ್ನು ಹಾಗೇ ಹೊತ್ತೊಯ್ಯಬೇಡಿ. ಹೊನ್ನಾವರದವರು ಓದುತ್ತಿದ್ದರೆ ಮೊದಲು ಏಪ್ರಿಲ್ ಕೊನೆಯ ಭರತದಲ್ಲಿ ಉಪ್ಪು ಅಳೆಯಿರಿ. ಸಿಗಡಿ ಕೆರೆಯವರ ಹತ್ತಿರ ಇರುವ ಕೈ ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ಸಾಕು. ಸಮುದ್ರದ ನೀರಿಗೆ ಅದು ಲೀಟರಿಗೆ 35 ಗ್ರಾಂ ಸುಮಾರು ತೋರಿಸುತ್ತದೆ.

ಕಾನೂನಿನ ಮಾತು ಕೂಡ ಇದೆ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಗೆ ಸೇರಿದೆ, ವಿಸ್ತೀರ್ಣ 4,801 ಹೆಕ್ಟೇರ್. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಕಾಂಡ್ಲ ಕಾಡು, ಜೀವಿಗಳಿರುವ ಕೆಸರುಬಯಲು, ಉಪ್ಪು ಜೌಗು ಇವೆಲ್ಲ ಒಂದು-ಎ, ಅಂದರೆ ಅತಿ ಸೂಕ್ಷ್ಮ ಪ್ರದೇಶಗಳ ವರ್ಗಕ್ಕೆ ಬರುತ್ತವೆ. ಕೈಯಲ್ಲಿ ಹುಲ್ಲು ನೆಡುವುದು ಬೇರೆ, ಜೆಸಿಬಿ ಇಳಿಸಿ ಕೆಸರು ಎತ್ತುವುದು ಬೇರೆ. ಎರಡನೆಯದಕ್ಕೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಪಕ್ಕದ ಕಾಂಡ್ಲದ ಒಂದು ಕೊಂಬೆಯನ್ನೂ ಕಡಿಯಬೇಡಿ.

ಕಾನೂನು ಬಿಟ್ಟರೂ ಆಳದ ಕಪ್ಪು ಕೆಸರನ್ನು ಎತ್ತಿ ಕಟ್ಟೆಗೆ ಮೆತ್ತುವುದು ತಪ್ಪು. ಅದರಲ್ಲಿ ಕಬ್ಬಿಣದ ಸಲ್ಫೈಡ್ ಇರುತ್ತದೆ. ನೀರಡಿ ಇರುವವರೆಗೆ ಸುಮ್ಮನಿರುತ್ತದೆ, ಒಣಗಿ ಗಾಳಿ ತಾಗಿದರೆ ಗಂಧಕದ ಆಮ್ಲವಾಗುತ್ತದೆ. ಒಣಗಿದ ಹೆಂಟೆಯಲ್ಲಿ ತಿಳಿ ಹಳದಿ ಗೆರೆ ಕಂಡರೆ ಅದೇ. ಅಲ್ಲಿ ಜೇಕೂ ಬಾರದು, ಮಳೆಗೆ ಆ ಆಮ್ಲ ತೊಳೆದು ಗದ್ದೆಗೆ ಇಳಿದರೆ ಭತ್ತವೂ ಹಳದಿಯಾಗುತ್ತದೆ.

ಚಾಪೆಕಡ್ಡಿ, ಹೊನ್ನಾವರ

ಕೀಳಬೇಕು ಅನ್ನುವವರಿಗೆ ಒಂದು ಮಾತು. ಇದೇ ಜಾತಿಯ ಒಂದು ಉಪಪ್ರಭೇದದಿಂದ ಜಪಾನಿನ ಓಇಟಾ ಪ್ರಾಂತ್ಯದಲ್ಲಿ ತತಾಮಿ ಚಾಪೆಯ ಹೊದಿಕೆ ನೇಯುತ್ತಾರೆ. ವಿಯೆಟ್ನಾಮಿನ ಕರಾವಳಿಯಲ್ಲಿ ಇದನ್ನು ಬೆಳೆಯಾಗಿ ಹಾಕಿ ಚಾಪೆ, ಚೀಲ ಮಾಡುತ್ತಾರೆ. ತಮಿಳುನಾಡಿನ ಪತ್ತಮಡೈ ಚಾಪೆಯ ಕೋರೆ ಹುಲ್ಲು ಇದರ ಸಿಹಿನೀರಿನ ಬಂಧು.

ಕೊಯ್ಯುವುದಾದರೆ ಹೂ ಬಿಡುವ ಹೊತ್ತಿಗೆ, ಕಾಯಿ ಕಂದಾಗಿ ಉದುರುವ ಮುಂಚೆ. ಬಲಿತರೆ ಕಡ್ಡಿ ಸೆಟೆದು ಬಾಗಿಸಿದಲ್ಲಿ ಮುರಿಯುತ್ತದೆ. ಕಟ್ಟೆ ಕಾಯಲು ಇಟ್ಟ ಪಟ್ಟಿಯಲ್ಲಿ ಎಲ್ಲವನ್ನೂ ಒಂದೇ ಸಲ ಕೊಯ್ಯಬೇಡಿ. ಒಂದು ಮೀಟರ್ ಕೊಯ್ದು ಒಂದು ಮೀಟರ್ ಬಿಡಿ. ಕೂಳೆ ದೊಡ್ಡ ಭರತದ ನೀರಿನ ಮೇಲೆ ನಿಲ್ಲುವಷ್ಟು ಉಳಿಯಲಿ. ಅದರಿಂದ ನಿಮಗೆ ಸಿಗುವ ಕಡ್ಡಿ ಗಿಡ್ಡವಾಗುತ್ತದೆ ನಿಜ, ಉದ್ದ ಚಾಪೆಗೆ ಬರುವುದಿಲ್ಲ, ಕೂರುವ ಮಣೆಚಾಪೆಗೆ ಬುಟ್ಟಿಗೆ ಸಾಕು.

ಹಸಿ ಇರುವಾಗಲೇ ಮೊದಲು ಸಿಹಿನೀರಿನಲ್ಲಿ ಎರಡು ಸಲ ತೊಳೆಯಿರಿ. ಇದನ್ನು ಬಿಟ್ಟರೆ ಕಡ್ಡಿಯ ಮೇಲಿನ ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವ ಎಳೆದು ಚಾಪೆ ಬೂಸ್ಟು ಹಿಡಿಯುತ್ತದೆ. ನಮ್ಮ ಕರಾವಳಿಯ ಜುಲೈ ಹವೆಗೆ ಎರಡೇ ವಾರ ಸಾಕು. ತೊಳೆದು ಅದೇ ದಿನ ಉದ್ದಕ್ಕೆ ಎರಡಾಗಿ ಸೀಳಬೇಕು. ಮೂರು ಮೂಲೆಯ ಕಡ್ಡಿಯಾದ್ದರಿಂದ ಚೂರಿಯನ್ನು ಒಂದು ಮೂಲೆಯಿಂದ ಎದುರಿನ ಮೈಗೆ ಹಾಯಿಸಿದರೆ ಸೀಳು ನೇರ ಹೋಗುತ್ತದೆ. ಒಣಗಿದ ಮೇಲೆ ಸೀಳಲು ಹೋದರೆ ಅಡ್ಡಾದಿಡ್ಡಿ ಹರಿಯುತ್ತದೆ. ಬಿಸಿಲಿಗೆ ತೆಳ್ಳಗೆ ಹರವಿ, ಸಂಜೆ ಇಬ್ಬನಿಗೆ ಮುಂಚೆ ಒಳಗೆ ತನ್ನಿ.

ಭರತ-ಇಳಿತ, ಅಂಕೋಲಾ

ಅಳತೆ ಚೆನ್ನಾಗಿ ತೆಗೆದಿದ್ದೀರಿ. ಈಗ ಲೆಕ್ಕ ನೋಡಿ. ಜೇಕು ಅಲ್ಲಿ ತಾನಾಗಿ ಬೆಳೆದ ಪಟ್ಟಿ 20ರಿಂದ 65 ಸೆಂ.ಮೀ. ಆಳದ್ದು. ಹೊಸದಾಗಿ ನೆಟ್ಟದ್ದು ಹಳೆಯ ಗುಂಪಿನಷ್ಟು ತಾಳುವುದಿಲ್ಲ, ಆದ್ದರಿಂದ 25ರಿಂದ 50ರ ನಡುವೆ ಇಟ್ಟುಕೊಳ್ಳಿ. ನಿಮ್ಮ ಕಟ್ಟೆಯ ಬುಡ 95. ಅಂದರೆ ಅಲ್ಲಿಯ ನೆಲ ಹಳೆಯ ಗುಂಪಿನ ಕೊನೆಯ ಅಂಚಿಗಿಂತ 30 ಸೆಂ.ಮೀ. ತಗ್ಗು. ಅಲ್ಲಿ ಈಗ ಎಷ್ಟು ನೆಟ್ಟರೂ ಸಾಯುತ್ತದೆ, ಅಲ್ಲಿಗೆ ಗಿಡ ವ್ಯರ್ಥ ಮಾಡಬೇಡಿ.

ಈ ವರ್ಷ ನೆಡಬೇಕಾದದ್ದು ಇಳಿಜಾರಿನ ಮೇಲೆ. 25 ಸೆಂ.ಮೀ. ಏರಿಕೆಗೆ ಒಂದಕ್ಕೆ ಒಂದೂವರೆ ಇಳಿಜಾರಿನಲ್ಲಿ ಸಿಗುವ ಅಗಲ ಸುಮಾರು 38 ಸೆಂ.ಮೀ. ಎರಡು ಸಾಲು ಹಿಡಿಯುತ್ತದೆ, ಹೆಚ್ಚಿಲ್ಲ. 20 ಮೀಟರಿಗೆ 30 ಸೆಂ.ಮೀ. ಅಂತರದಲ್ಲಿ ಸಾಲಿಗೆ 67 ಬುಡ, ಎರಡು ಸಾಲಿಗೆ 134, ಸತ್ತದ್ದಕ್ಕೆ ಸೇರಿಸಿ 150 ಇಟ್ಟುಕೊಳ್ಳಿ. ಎರಡನೇ ಸಾಲನ್ನು ಮೊದಲ ಸಾಲಿನ ಸಂದಿಗೆ ಬರುವ ಹಾಗೆ ಹಾಕಿ. ಗಿಡ ತೆಗೆಯುವಾಗ ಹಳೆಯ ಪಟ್ಟಿಯಲ್ಲಿ ಚದರ ಮೀಟರಿಗೆ ಒಂದೇ ಒಂದು 20 ಸೆಂ.ಮೀ. ಚೌಕದ ಹೆಂಟೆ. ಒಂದರಿಂದ ಮೂರು ಬುಡ ಆಗುತ್ತದೆ, 50 ಹೆಂಟೆ ಸಾಕು. ನಿಮ್ಮಲ್ಲಿರುವ 60 ಚದರ ಮೀಟರಿನಲ್ಲಿ ಇದು ಸಿಗುತ್ತದೆ. ಹೊಳೆಬದಿ ಅಂಚಿನಿಂದ ಮಾತ್ರ ತೆಗೆಯಬೇಡಿ. ಅಲೆಯನ್ನು ತಡೆದು ನಿಂತಿರುವುದೇ ಆ ಅಂಚು.

ಕಾಲ ಆಗಸ್ಟ್ ಕೊನೆ, ಸೆಪ್ಟೆಂಬರ್. ಹೊಳೆಯ ರಭಸ ಇಳಿದಿರುತ್ತದೆ, ನೀರು ಇನ್ನೂ ಸಿಹಿ, ಉಪ್ಪು ಏರುವ ಮುಂಚೆ ಬೇರು ಹಿಡಿಯಲು ಎರಡು ತಿಂಗಳು ಸಿಗುತ್ತದೆ. ದಿನ ಅಷ್ಟಮಿ-ನವಮಿ. ಸಣ್ಣ ನೀರಿನಲ್ಲಿ ನೆಟ್ಟರೆ ಮುಂದಿನ ದೊಡ್ಡ ಭರತಕ್ಕೆ ಐದಾರು ದಿನ ಬಿಡುವು.

ಒಂದೊಂದು ಬುಡದಲ್ಲಿ ಮೂರರಿಂದ ನಾಲ್ಕು ಹಸಿರು ಕಡ್ಡಿ, ಬೆರಳುದ್ದದ ಬೇರುಕಾಂಡ, ಅದರ ತುದಿಯಲ್ಲಿ ಮುರಿಯದ ಬಿಳಿ ಮೊಳಕೆ ಇರಬೇಕು. ಮೊಳಕೆ ಮುರಿದದ್ದನ್ನು ನೆಡಬೇಡಿ. ಒದ್ದೆ ಗೋಣಿ ಸುತ್ತಿ, ಅದೇ ಇಳಿತದಲ್ಲಿ ನೆಟ್ಟು ಮುಗಿಸಿ. ಕಡ್ಡಿಯ ಉದ್ದದ ಲೆಕ್ಕ ಸುಲಭ: ಆ ಜಾಗದ ದೊಡ್ಡ ಭರತದ ಆಳಕ್ಕೆ 20 ಸೆಂ.ಮೀ. ಕೂಡಿಸಿ. ಕೆಳಸಾಲಿಗೆ 70, ಮೇಲುಸಾಲಿಗೆ 45ರಿಂದ 50. ಅದಕ್ಕಿಂತ ಉದ್ದ ಬಿಟ್ಟರೆ ನೀರು ಕಡ್ಡಿಯನ್ನು ಸನ್ನೆಯ ಹಾಗೆ ಹಿಡಿದು ಬುಡ ಎಬ್ಬಿಸುತ್ತದೆ. ಬೇರುಕಾಂಡವನ್ನು 8ರಿಂದ 10 ಸೆಂ.ಮೀ. ಆಳದಲ್ಲಿ ಅಡ್ಡ ಮಲಗಿಸಿ, ಮೊಳಕೆಯ ಮುಖ ಕಟ್ಟೆಯ ಉದ್ದಕ್ಕೆ ತಿರುಗಿರಲಿ, ಸಾಲು ಬೇಗ ಕೂಡಿಕೊಳ್ಳುತ್ತದೆ. ಗುಂಡಿ ಒಂದೊಂದಾಗಿ ಕೈಯಲ್ಲಿ. ಉದ್ದಕ್ಕೆ ಕಾಲುವೆ ತೆಗೆದರೆ ಕಟ್ಟೆಗೆ ನೀವೇ ಗೆರೆ ಕೊರೆದು ಕೊಟ್ಟ ಹಾಗೆ. ಪ್ರತಿ ಬುಡಕ್ಕೆ ಒಂದು ಅಡಿಕೆ ದಬ್ಬೆಯ ಗೂಟ ಊರಿ, ತೆಂಗಿನ ನಾರಿನ ಹಗ್ಗದಲ್ಲಿ ಸಡಿಲ ಕಟ್ಟಿ. ಹಳೆಯ ಮೀನುಬಲೆ ಹೊದಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಏಡಿ, ಹಕ್ಕಿ, ನೀರುನಾಯಿ ಎಲ್ಲ ಸಿಕ್ಕಿ ಸಾಯುತ್ತವೆ.

ಬುಡದ ತಗ್ಗಿಗೆ ಬೇರೆ ಉಪಾಯ. ಕಟ್ಟೆಯ ಬುಡದಿಂದ ಒಂದು ಮೀಟರ್ ಹೊರಗೆ ಬಿದಿರು ಗೂಟಗಳನ್ನು ಅರ್ಧ ಮೀಟರಿಗೊಂದರಂತೆ, ಉದ್ದದ ಮೂರನೇ ಎರಡು ಪಾಲು ಕೆಸರೊಳಗೆ ಹೋಗುವ ಹಾಗೆ ಬಡಿದು, ನಡುವೆ ತೆಂಗಿನ ಮಡಲು, ಅಡಿಕೆ ಸೋಗೆ ಅಡ್ಡ ಹೆಣೆಯಿರಿ. ಬೇಲಿಯ ಎತ್ತರ ಕೆಸರಿನ ಮೇಲೆ 40-50 ಸೆಂ.ಮೀ. ಸಾಕು. ನೀರು ಒಳಗೆ ಹೊರಗೆ ಹೋಗಬೇಕು, ಹೂಳು ಮಾತ್ರ ಒಳಗೆ ಕೂರಬೇಕು. ಬಿಗಿಯಾಗಿ ಹೆಣೆದರೆ ಅಲೆ ಬೇಲಿಗೆ ಹೊಡೆದು ಅದರ ಕಾಲಬುಡವನ್ನೇ ಕೊರೆಯುತ್ತದೆ. ಪ್ರತಿ ಐದು ಮೀಟರಿಗೆ ಒಂದು ಮೊಳ ಅಗಲದ ಬಾಯಿ ಬಿಡಿ, ಇಳಿತದಲ್ಲಿ ಮೀನುಮರಿ ಹೊರಗೆ ಹೋಗಲಿ. ಸೋಗೆ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಪ್ರತಿ ವರ್ಷ ಹೊಸದು ಸೇರಿಸಬೇಕು. ಒಳಗಿನ ಆಳ 60ಕ್ಕೆ ಬಂದಾಗ ಮೇಲಿನ ಸಾಲಿನ ಬೇರುಕಾಂಡ ತಾನೇ ಕೆಳಗೆ ಇಳಿಯುತ್ತದೆ, ನೀವು ನೆಡುವುದೇ ಬೇಡವಾಗಬಹುದು.

ಗೋಡೆಯ ಹಾಗೆ ನಿಂತ ಆ ಎರಡು ಜಾಗಕ್ಕೆ ಜೇಕು ಉತ್ತರವಲ್ಲ. ಇದರ ಬೇರುಕಾಂಡ ಮೇಲಿನ ಒಂದು ಗೇಣು ಮಣ್ಣನ್ನು ಕಟ್ಟಿ ಹಿಡಿಯುತ್ತದೆ, ಕಡ್ಡಿ ಅಲೆಯ ಬಲ ತಗ್ಗಿಸುತ್ತದೆ. ಅದರ ಕೆಳಗೆ ಕೊರೆಯುವ ನೀರಿಗೆ, ಏಡಿಯ ಬಿಲಕ್ಕೆ ಅದರಿಂದ ತಡೆ ಇಲ್ಲ. ಅಲ್ಲಿ ಮೊದಲು ಮೇಲಿನ ಜೋತ ಭಾಗವನ್ನು ಇಳಿಸಿ ಇಳಿಜಾರು ಮಾಡಿ, ಬುಡಕ್ಕೆ ಕೆಂಪುಕಲ್ಲಿನ ತುಂಡು ಇಟ್ಟು, ಆಮೇಲೆ ನೆಡಿ. ಏಡಿ ಬಿಲಕ್ಕೆ ಅಂಟು ಮಣ್ಣು ತುರುಕಿ ಬಡಿಯುವುದು ಬಿಟ್ಟು ಬೇರೆ ದಾರಿ ಇಲ್ಲ, ಬೇಸಿಗೆಯಲ್ಲಿ ಒಮ್ಮೆ, ಬಿತ್ತನೆಗೆ ಮುಂಚೆ ಒಮ್ಮೆ.

ನೆಟ್ಟ ಮೂರನೇ ವಾರ ನೋಡಿ. ಹಳೆಯ ಕಡ್ಡಿ ಹಳದಿಯಾಗಿದ್ದರೆ ಗಾಬರಿ ಬೇಡ, ಅದು ಹೇಗೂ ಹೋಗುತ್ತದೆ. ಬುಡದ ಪಕ್ಕ ಸೂಜಿಯಂಥ ಹೊಸ ಹಸಿರು ಎದ್ದಿದ್ದರೆ ಹಿಡಿಯಿತು. ಕಡ್ಡಿ ಎಳೆದರೆ ಕೈಗೆ ಬಂದು, ಬುಡ ಕಪ್ಪಾಗಿ ನಾರುತ್ತಿದ್ದರೆ ಮಟ್ಟ ತಗ್ಗಾಯಿತು. ಅದನ್ನು ಅಲ್ಲೇ ಮತ್ತೆ ನೆಡದೆ ಒಂದು ಗೇಣು ಮೇಲಕ್ಕೆ ಹಾಕಿ. ತುದಿಯಿಂದ ಬಿಳಿಚಿ ಒಣಗಿದ್ದರೆ, ಬುಡ ಗಟ್ಟಿ ಇದ್ದರೆ, ಮಟ್ಟ ಏರಾಯಿತು ಅಥವಾ ದನ ಮೇಯ್ದಿದೆ. ಎಳೆ ಚಿಗುರಿಗೆ ದನ ಬಾಯಿ ಹಾಕುತ್ತದೆ, ಮೊದಲ ವರ್ಷ ಆ 20 ಮೀಟರಿಗೆ ಕಟ್ಟೆಯ ಮೇಲಿನಿಂದ ಮುಳ್ಳು ಇಡಿ.

ಕಟ್ಟೆಬುಡ, ಕುಮಟಾ

ಅರ್ಥವಾಯಿತು. ಒಂದೇ ಸಂಶಯ ಉಳಿಯಿತು. ಕೆಳಸಾಲಿಗೆ 70 ಸೆಂ.ಮೀ. ಅಂದದ್ದು ಕೆಸರಿನ ಮೇಲಿನಿಂದಲಾ, ಬೇರಿನಿಂದಲಾ?

ಭರತ-ಇಳಿತ, ಅಂಕೋಲಾ

ಕೆಸರಿನ ಮೇಲಿನಿಂದ. ಬೇರಿನಿಂದ ಅಳೆದರೆ ಹೂತ 10 ಸೆಂ.ಮೀ. ಸೇರಿಸಿ 80ಕ್ಕೆ ಕತ್ತರಿಸಿ. ಮೆತ್ತನೆ ಕೆಸರಿನಲ್ಲಿ ಬುಡ ಮೊದಲ ವಾರದಲ್ಲಿ ಇನ್ನೂ ಎರಡು ಮೂರು ಸೆಂಟಿಮೀಟರ್ ಕೂರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.